ಅಡಿಕೆ ಅದೇ, ಎಲೆಯೂ ಅದೇ

ತಿರ್ನಾ ಎಂಬ ಹಳ್ಳಿಯಿಂದ ನಾಂಗ್ರಿಯಾಟ್‌ಗೆ ಇಳಿಯುವ 3,000ಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಅರ್ಧದಷ್ಟನ್ನು ಇಳಿದು, ನಡುಗುವ ಮೊಣಕಾಲುಗಳನ್ನು ಸುಧಾರಿಸಿಕೊಳ್ಳಲೆಂದು ಒಂದು ಕಲ್ಲಿನ ಮೇಲೆ ಕುಳಿತಾಗ, ಸುತ್ತ ಕಂಡದ್ದೆಲ್ಲ ನನಗೆ ಹುಟ್ಟಿನಿಂದ ಗೊತ್ತಿದ್ದದ್ದೇ ಆಗಿತ್ತು. ಎರಡೂ ಬದಿಯಲ್ಲಿ ಅಡಿಕೆ ಮರಗಳು; ಅವುಗಳ ಮೈಗೆ ಹಬ್ಬಿದ ವೀಳ್ಯದೆಲೆಯ ಬಳ್ಳಿ; ಅಲ್ಲಲ್ಲಿ ಹಲಸು, ಕಾಳುಮೆಣಸು; ಕಾಲಡಿಯಲ್ಲಿ ಬಿದ್ದು ಕಂದಿದ ಸೋಗೆ ಮತ್ತು ಹಾಳೆ. ಕಣ್ಣು ಮುಚ್ಚಿದರೆ ಒದ್ದೆ ಮಣ್ಣಿನ ವಾಸನೆಯೂ ಬೆಳ್ತಂಗಡಿ ಕಡೆಯ ನಮ್ಮ ತೋಟದ್ದೇ. ಎರಡು ವಿಮಾನ, ಎರಡು ಸುಮೋ ಬದಲಿಸಿ, ಮೇಘಾಲಯದ ದಕ್ಷಿಣದ ಇಳಿಜಾರಿನಲ್ಲಿ, ಬಾಂಗ್ಲಾದೇಶದ ಬಯಲು ಕಾಣುವಷ್ಟು ಅಂಚಿಗೆ ಬಂದು ಕಡೆಗೆ ತಲುಪಿದ್ದು ನಮ್ಮದೇ ತೋಟವನ್ನು ಎಂದು ನಗು ಬಂತು. ಖಾಸಿ ಬೆಟ್ಟಗಳಿಗೆ ಬಂದು ಆಗ ಮೂರು ದಿನವಾಗಿತ್ತು. ಆ ಮೂರು ದಿನಗಳಲ್ಲಿ ನಾನು ಮಾಡಿದ್ದ ತಪ್ಪುಗಳೆಲ್ಲ ಇದೇ ನಗುವಿನಿಂದ ಹುಟ್ಟಿದ್ದವು.

ಹೊರಡುವ ಮೊದಲು ನಾನು ಅಪರಿಚಿತವಾದದ್ದಕ್ಕೆ ಸಾಕಷ್ಟು ಸಿದ್ಧಳಾಗಿದ್ದೆ. ಭಾಷೆ ಒಂದಕ್ಷರವೂ ತಿಳಿಯದು, ಹಂದಿ ಮಾಂಸವಿಲ್ಲದ ಊಟ ಸುಲಭವಾಗಿ ಸಿಗಲಿಕ್ಕಿಲ್ಲ, ಡಿಸೆಂಬರಿನ ಚಳಿ ಕರಾವಳಿಯ ಮೈಗೆ ಹೊಸತು ಎಂಬುದೆಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವು ಯಾವುವೂ ನನ್ನನ್ನು ಅಲುಗಾಡಿಸಲಿಲ್ಲ. ‘ಕಲ್ಚರ್ ಶಾಕ್’ ಎಂಬ ಮಾತನ್ನು 1950ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖನಾದ ಮಾನವಶಾಸ್ತ್ರಜ್ಞ ಕಲೇರ್ವೊ ಒಬರ್ಗ್, ಅದರ ಬೇರನ್ನು ಇಂಥ ದೊಡ್ಡ ವ್ಯತ್ಯಾಸಗಳಲ್ಲಿ ಹುಡುಕಲಿಲ್ಲ. ಯಾವಾಗ ಕೈ ಕುಲುಕಬೇಕು, ಕರೆದಾಗ ಹೋಗಬೇಕೋ ಬೇಡವೋ, ಯಾವ ಮಾತು ನಿಜ, ಯಾವುದು ಬರಿಯ ಉಪಚಾರ ಎಂದು ತಿಳಿಸುವ, ನಾವು ಯೋಚಿಸದೆಯೇ ದಿನವಿಡೀ ಬಳಸುವ ನೂರಾರು ಸಣ್ಣ ಗುರುತುಗಳು ಕಳೆದುಹೋದಾಗ ಹುಟ್ಟುವ ಆತಂಕ ಅದು ಎಂಬುದು ಅವನ ವಿವರಣೆ. ನನ್ನ ಅನುಭವ ಇದಕ್ಕೆ ಸ್ವಲ್ಪ ಓರೆಯಾಗಿದೆ. ನನ್ನ ಗುರುತುಗಳು ಯಾವುವೂ ಕಳೆದುಹೋಗಿರಲಿಲ್ಲ. ಅಡಿಕೆ, ಸಂತೆ, ಬನ, ತಾಯಿಯ ಕಡೆಯ ವಂಶ ಎಲ್ಲವೂ ಅಲ್ಲಿ ನನಗಿಂತ ಮೊದಲೇ ಬಂದು ಕುಳಿತಿದ್ದವು. ಫಲಕವಿಲ್ಲದ ದಾರಿಯಲ್ಲಿ ಮನುಷ್ಯ ಕೇಳಿಕೊಂಡು ಹೋಗುತ್ತಾನೆ. ತನ್ನ ಲಿಪಿಯಲ್ಲೇ ಫಲಕ ಕಂಡರೆ ಕೇಳುವ ಗೋಜಿಗೇ ಹೋಗುವುದಿಲ್ಲ.

ಶಾಲೆಯಲ್ಲಿ ನಾವು ಚಿರಾಪುಂಜಿ ಎಂದು ಕಲಿತ ಊರಿಗೆ ಅಲ್ಲಿಯವರು ಹೇಳುವ ಹೆಸರು ಸೋಹ್ರಾ. ಅಲ್ಲಿ ನಾನು ಉಳಿದದ್ದು ಒಂದು ಮನೆಯಲ್ಲಿ. ಮನೆಯವರೇ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಮನೆಯೊಡತಿಗೆ ಐವತ್ತೈದರ ಆಸುಪಾಸು. ಖಾಸಿ ಹೆಂಗಸರನ್ನು ಗೌರವದಿಂದ ಕರೆಯುವುದು ‘ಕಾಂಗ್’ ಎಂದು, ಅಂದರೆ ಅಕ್ಕ ಎಂದು. ನಾನೂ ಹಾಗೆಯೇ ಕರೆದೆ. ನಮ್ಮಿಬ್ಬರ ನಡುವೆ ಇದ್ದ ಭಾಷೆ ಇಬ್ಬರಿಗೂ ಸರಿಯಾಗಿ ಬಾರದ ಹಿಂದಿ. ಎರಡು ಕಡೆಯಿಂದಲೂ ಸಮನಾಗಿ ಕುಂಟುತ್ತಿದ್ದುದರಿಂದ ಅದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ನಾನು ಚೀಲ ಇಳಿಸುವ ಮೊದಲೇ ಕಾಂಗ್ ಕ್ವಾಯ್ ಕೊಟ್ಟರು. ಕ್ವಾಯ್ ಎಂದರೆ ಅಡಿಕೆ. ಎಲೆ, ಸುಣ್ಣ, ಅಡಿಕೆ ಕೂಡಿದ ತಾಂಬೂಲಕ್ಕೂ ಅದೇ ಹೆಸರು. ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಅಡಿಕೆ ಬೆಳೆಯುವವರ ಮಗಳಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೇನಿರಲು ಸಾಧ್ಯ ಎಂದುಕೊಂಡು ಬಾಯಿಗೆ ಹಾಕಿಕೊಂಡೆ.

ಎರಡು ನಿಮಿಷದಲ್ಲಿ ಕಿವಿಯ ಹಿಂದೆ ಬಿಸಿ ಹತ್ತಿತು. ಹಣೆಯಲ್ಲಿ ಬೆವರು ಮೂಡಿತು, ಎದೆ ಬಿಗಿಯಿತು, ಗೋಡೆ ಹಿಡಿದು ಕುಳಿತೆ. ನಮ್ಮಲ್ಲಿ ಇದಕ್ಕೆ ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಹಸಿ ಅಡಿಕೆ ಕಚ್ಚಿ ಬೈಸಿಕೊಂಡ ಮೇಲೆ ನನಗೆ ಅದು ಆಗಿದ್ದೇ ಇಲ್ಲ. ನಾವು ಕರಾವಳಿಯವರು ಅಡಿಕೆಯನ್ನು ಅಂಗಳದಲ್ಲಿ ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ, ಸುಲಿದು, ಚಾಲಿ ಮಾಡುತ್ತೇವೆ; ಮಲೆನಾಡಿನವರು ಬೇಯಿಸಿ ಬಣ್ಣ ಕಟ್ಟುತ್ತಾರೆ. ಅಡಿಕೆಯಲ್ಲಿರುವ ಕಸುವನ್ನು ಪಳಗಿಸಿದ ಮೇಲೆಯೇ ಅದು ನಮ್ಮ ಬಾಯಿಗೆ ಬರುವುದು. ಖಾಸಿಗಳು ತಿನ್ನುವುದು ಹಸಿಯಾದ ಅಥವಾ ನೀರಿನಲ್ಲಿ ಇಟ್ಟು ಮೆದುವಾಗಿಸಿದ ಅಡಿಕೆ, ಮತ್ತು ತಿನ್ನುವುದು ಆ ಬಿಸಿಗಾಗಿಯೇ. ಬೆಟ್ಟದ ಚಳಿಯಲ್ಲಿ ಒಳಗಿನಿಂದ ಹೊತ್ತಿಕೊಳ್ಳುವ ಸಣ್ಣ ಒಲೆ ಅದು. ನನ್ನ ಅವಸ್ಥೆ ಕಂಡು ಕಾಂಗ್ ನಕ್ಕು ನೀರು ಕೊಟ್ಟರು. ನಮ್ಮ ಮನೆಯಲ್ಲಿ ಅಡಿಕೆ ತೋಟವಿದೆ ಎಂದು ಆಗ ತಾನೆ ಹೇಳಿದ್ದ ನನಗೆ ಅದನ್ನು ಇನ್ನೊಮ್ಮೆ ಹೇಳುವ ಧೈರ್ಯವಾಗಲಿಲ್ಲ.

ಮೈಯ ಬೆವರು ಹತ್ತು ನಿಮಿಷದಲ್ಲಿ ಆರಿತು. ಆರದೆ ಉಳಿದದ್ದು ಅದಕ್ಕೂ ಮೊದಲಿನ ಅರೆಕ್ಷಣ. ನಮ್ಮಲ್ಲಿ ಎಲೆಯಡಿಕೆ ಹರಿವಾಣದಲ್ಲಿ ಬರುತ್ತದೆ. ತೊಟ್ಟು ಮುರಿಯುವುದು, ನಾರು ಎಳೆಯುವುದು, ಸುಣ್ಣ ಸವರುವುದು, ಮಡಚುವುದು ಎಲ್ಲವೂ ತಿನ್ನುವವರ ಕೆಲಸ. ಯಾರಿಗೆ ಎಷ್ಟು ಸುಣ್ಣ ಬೇಕೋ ಅವರಿಗೇ ಗೊತ್ತಲ್ಲ ಎಂಬುದು ಅದಕ್ಕೆ ನಾವು ಹೇಳುವ ಕಾರಣ. ಕಾಂಗ್ ಹಾಗೆ ಮಾಡಲಿಲ್ಲ. ಎಲೆಯನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಸುಣ್ಣ ತೀಡಿ, ಮಡಚಿ, ಅಡಿಕೆಯ ಹೋಳಿನ ಜೊತೆ ನನ್ನ ಕೈಗೆ ಕೊಟ್ಟರು. ಆಗ ನನ್ನ ಕೈ ಚಾಚುವ ಮೊದಲು ಅರೆಕ್ಷಣ ತಡೆಯಿತು. ಅವರು ಗಮನಿಸಿದರೋ ಇಲ್ಲವೋ ತಿಳಿಯದು, ನಾನು ಗಮನಿಸಿದೆ. ಯಾರ ಕೈಯಿಂದ ಏನನ್ನು ತಿನ್ನಬಹುದು ಎಂಬ ಲೆಕ್ಕವನ್ನು ನಾನು ಕಾಲೇಜಿನ ದಿನಗಳಲ್ಲೇ ಬಿಟ್ಟಿದ್ದೇನೆ ಎಂದು ತಿಳಿದಿದ್ದೆ. ಹಾಗೆ ಬಿಟ್ಟದ್ದರ ಬಗ್ಗೆ ಭಾಷಣವನ್ನೂ ಮಾಡಿದ್ದೆ. ನನ್ನ ಅಜ್ಜಿ ಅಂಗಳದಲ್ಲಿ ನಿಂತ ಕೆಲಸದವರಿಗೆ ಎಲೆಯಡಿಕೆಯನ್ನು ಮೇಲಿನಿಂದ ಬಿಡುತ್ತಿದ್ದ ರೀತಿ, ಅದನ್ನು ಅವರು ಬೊಗಸೆಯೊಡ್ಡಿ ಹಿಡಿಯುತ್ತಿದ್ದ ರೀತಿ, ಮೂವತ್ತು ವರ್ಷಗಳ ನಂತರ ಮೇಘಾಲಯದ ಒಂದು ಅಡುಗೆಮನೆಯಲ್ಲಿ ಕಣ್ಣಿಗೆ ಕಟ್ಟಿತು. ಹರಿವಾಣ ಅತಿಥಿಗೆ ಕೊಡುವ ಸ್ವಾತಂತ್ರ್ಯ ಹೌದು. ಜೊತೆಗೆ ಅದು ಕೊಡುವವರ ಬೆರಳು ತಿನ್ನುವವರ ಎಲೆಗೆ ತಗಲದಂತೆ ನೋಡಿಕೊಳ್ಳುವ ಏರ್ಪಾಡೂ ಹೌದು ಎಂಬುದು ಹರಿವಾಣವಿಲ್ಲದ ಮನೆಗೆ ಹೋಗುವ ತನಕ ನನಗೆ ಹೊಳೆದಿರಲಿಲ್ಲ.

ನಮ್ಮ ವೀಳ್ಯ ಸಂದರ್ಭ ಬಂದಾಗ ಮಾತಾಡುತ್ತದೆ: ಮದುವೆಗೆ ಕರೆಯುವಾಗ, ಒಪ್ಪಂದ ಗಟ್ಟಿ ಮಾಡುವಾಗ, ಯಕ್ಷಗಾನದ ರಂಗಸ್ಥಳದಲ್ಲಿ ರಣವೀಳ್ಯ ಕೊಡುವಾಗ. ಖಾಸಿಗಳ ಕ್ವಾಯ್‌ಗೆ ಸಂದರ್ಭ ಬೇಕಾಗಿಯೇ ಇಲ್ಲ. ಟ್ಯಾಕ್ಸಿಯ ಚಾಲಕ ಕೊಡುತ್ತಾನೆ, ಅಂಗಡಿಯವಳು ಕೊಡುತ್ತಾಳೆ, ಜಗಳವಾಡಿದವರೂ ಪರಸ್ಪರ ಕೊಡುತ್ತಾರೆ. ಮುಂದಿನ ಊರಿಗೆ ಎಷ್ಟು ದೂರ ಎಂಬುದನ್ನು ದಾರಿಯಲ್ಲಿ ಎಷ್ಟು ಕ್ವಾಯ್ ತಿಂದು ಮುಗಿಯುತ್ತದೆ ಎಂದು ಎಣಿಸುವ ಕ್ರಮ ಹಿಂದೆ ಅಲ್ಲಿತ್ತು. ತೀರಿಕೊಂಡವರ ಬಗ್ಗೆ ಹೇಳುವಾಗ ‘ದೇವರ ಬಾಗಿಲಲ್ಲಿ ಕ್ವಾಯ್ ತಿನ್ನುತ್ತಿದ್ದಾರೆ’ ಎನ್ನುತ್ತಾರೆ. ಬೆಳೆಯಾಗಿ, ದರವಾಗಿ, ಕೊಳೆರೋಗವಾಗಿ ಮಾತ್ರ ಅಡಿಕೆಯನ್ನು ಕಂಡು ಬೆಳೆದ ನನಗೆ ಈ ಕಡೆಯ ಮಾತು ಬಹಳ ಹೊತ್ತು ಬಿಡಲಿಲ್ಲ.

ಸಂತೆಯ ವಿಷಯದಲ್ಲಿ ಆದದ್ದು ಹಗುರವಾದ ಪ್ರಸಂಗ. ಸೋಹ್ರಾದ ಸಂತೆ ಯಾವ ವಾರ ಎಂದು ಕಾಂಗ್ ಅವರ ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಈ ಸಲ ಮಂಗಳವಾರ ಎಂದ. ಪ್ರತಿ ಮಂಗಳವಾರವೇ ಎಂದರೆ, ಅಲ್ಲ, ಮುಂದಿನ ಸಲ ಬುಧವಾರ ಎಂದ. ಯಾಕೆ ಬದಲಾಯಿಸಿದರು ಎಂದು ಕೇಳಿದೆ. ಬದಲಾಯಿಸಿಯೇ ಇಲ್ಲ ಎಂದ. ಈ ಸಂಭಾಷಣೆ ಇನ್ನೂ ಎರಡು ಸುತ್ತು ಹೀಗೆಯೇ ತಿರುಗಿದ ಮೇಲೆ ತಿಳಿದದ್ದು ಇಷ್ಟು: ಖಾಸಿಗಳ ಸಾಂಪ್ರದಾಯಿಕ ವಾರಕ್ಕೆ ಎಂಟು ದಿನ. ಆ ದಿನಗಳಿಗೆ ಹೆಸರು ಬಂದಿರುವುದು ಗ್ರಹಗಳಿಂದಲ್ಲ, ಸಂತೆ ನಡೆಯುವ ಊರುಗಳಿಂದ. ಷಿಲ್ಲಾಂಗಿನ ದೊಡ್ಡ ಮಾರುಕಟ್ಟೆ ಯೂದುಹ್ ಕೂಡ ಆ ಎಂಟರಲ್ಲಿ ಒಂದು. ಹಾಗಾಗಿ ನಮ್ಮ ಕ್ಯಾಲೆಂಡರಿನಲ್ಲಿ ಅವರ ಸಂತೆ ಒಂದೊಂದೇ ದಿನ ಮುಂದಕ್ಕೆ ಜರುಗುತ್ತ ಹೋಗುತ್ತದೆ. ಅವರ ಲೆಕ್ಕದಲ್ಲಿ ಅದು ಇದ್ದಲ್ಲಿಯೇ ಇದೆ, ಜರುಗುತ್ತಿರುವುದು ನಮ್ಮ ಮಂಗಳವಾರ. ಕನ್ನಡದಲ್ಲಿ ‘ವಾರ’ ಎಂದರೆ ಏಳು ದಿನದ ಗುಂಪೂ ಹೌದು, ಅದರೊಳಗಿನ ಒಂದು ದಿನವೂ ಹೌದು. ಏಳು ಎಂಬ ಸಂಖ್ಯೆ ಆ ಪದದೊಳಗೆ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಎಂಟು ದಿನದ ವಾರ ಎಂದು ಬರೆಯುವಾಗ ಈಗಲೂ ನನ್ನ ಕೈ ತಡವರಿಸುತ್ತದೆ.

ಅದೇ ಸಂತೆಯಲ್ಲಿ ‘ದ್ಖಾರ್’ ಎಂಬ ಪದ ಕಿವಿಗೆ ಬಿತ್ತು, ನನ್ನನ್ನು ತೋರಿಸಿ ಯಾರೋ ಯಾರಿಗೋ ಹೇಳಿದ್ದು. ಹುಡುಗನನ್ನು ಕೇಳಿದರೆ ಮುಖ ಕೆಂಪಗಾಯಿತು. ಬಯಲಿನಿಂದ ಬಂದವರು, ಹೊರಗಿನವರು ಎಂದಷ್ಟೇ ಅರ್ಥ ಎಂದ. ಅಷ್ಟೇ ಅರ್ಥವಲ್ಲ ಎಂಬುದು ಅವನ ಮುಖದಲ್ಲಿಯೇ ಇತ್ತು. ಬೆಟ್ಟದ ಜನರ ನೆಲ ಹೊರಗಿನವರ ಕೈಗೆ ಹೋಗದಂತೆ ತಡೆಯುವ ಕಾಯಿದೆ 1971ರಿಂದ ಆ ರಾಜ್ಯದಲ್ಲಿದೆ, ಮತ್ತು ಆ ಪದದ ಹಿಂದೆ ಬಹಳ ಇತಿಹಾಸವಿದೆ. ನನಗೆ ಬೇಸರವಾಗಬೇಕಿತ್ತೇನೋ, ಆಗಲಿಲ್ಲ. ಕರಾವಳಿಯಲ್ಲಿ ನಾವು ‘ಘಟ್ಟದವರು’ ಎನ್ನುವಾಗ ನಮ್ಮ ದನಿಯಲ್ಲಿ ಏನೇನು ಇರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮೋಸ ಮಾಡದ ಹೋಲಿಕೆಗಳೂ ಇದ್ದವು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 1860ರ ಆಗಸ್ಟಿನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ 26,461 ಮಿಲಿಮೀಟರ್ ಮಳೆ ಸುರಿದು ದಾಖಲೆಯಾದ ಊರಿನಲ್ಲಿ, ಬಿದಿರು ಮತ್ತು ಎಲೆಯಿಂದ ಹೆಣೆದ, ತಲೆಯಿಂದ ಬೆನ್ನು ಮುಚ್ಚುವ ‘ಕ್ನುಪ್’ ಗೋಡೆಗೆ ನೇತುಹಾಕಿತ್ತು. ಅದು ನಮ್ಮ ಗೊರಬೇ. ಬಗ್ಗಿ ಕೆಲಸ ಮಾಡುವವರಿಗೆ ಎರಡೂ ಕೈ ಬೇಕು, ಆದ್ದರಿಂದ ಕೊಡೆ ಬೆನ್ನ ಮೇಲೆ ಇರಬೇಕು ಎಂಬ ತರ್ಕ ಎರಡೂ ಕಡೆ ಒಂದೇ ಆಕಾರಕ್ಕೆ ಬಂದು ನಿಂತಿದೆ. ಅಷ್ಟು ಮಳೆಯ ಊರಿನಲ್ಲಿ ಡಿಸೆಂಬರಿನಲ್ಲಿ ಹೆಂಗಸರು ನೀರು ಹೊರುತ್ತಿದ್ದರು. ಬಿದ್ದ ಮಳೆಯೆಲ್ಲ ಪ್ರಸ್ಥಭೂಮಿಯ ಅಂಚಿನಿಂದ ಕೆಳಗಿನ ಬಯಲಿಗೆ ಹರಿದುಹೋಗುತ್ತದೆ. ಇದೂ ಘಟ್ಟದ ಬುಡದವರಿಗೆ ಅಪರಿಚಿತವಾದ ಸಂಗತಿಯಲ್ಲ. ಒಣಮೀನನ್ನು ಸುಟ್ಟು ಮೆಣಸಿನ ಜೊತೆ ಅರೆದ ‘ತುಂಗ್ತಾಪ್’ ಚಟ್ನಿಯ ಬಗ್ಗೆ ಏನೂ ಹೇಳುವುದಿಲ್ಲ. ಮೂರು ಸಲ ಹಾಕಿಸಿಕೊಂಡೆ ಎಂದರೆ ಸಾಕು.

ಭಾನುವಾರ ಊರು ಪೂರ್ತಿ ಮುಚ್ಚಿತ್ತು. 2011ರ ಜನಗಣತಿಯಂತೆ ಮೇಘಾಲಯದ ಸುಮಾರು ಮುಕ್ಕಾಲು ಪಾಲು ಜನ ಕ್ರೈಸ್ತರು. ಕಾಂಗ್ ಕೂಡ ಬೆಳಿಗ್ಗೆಯೇ ಚರ್ಚಿಗೆ ಹೋಗಿದ್ದರು. 1841ರಲ್ಲಿ ವೇಲ್ಸ್‌ನಿಂದ ಸೋಹ್ರಾಕ್ಕೆ ಬಂದ ಥಾಮಸ್ ಜೋನ್ಸ್ ಎಂಬ ಮಿಷನರಿ ಖಾಸಿ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮ ರೂಪಿಸಿದ. ಅದೇ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಶುರುವಾಯಿತು. ಅಲ್ಲಿ ಬಂದವರು ಭಾಷೆಗೆ ಲಿಪಿ ಕೊಟ್ಟರು. ಇಲ್ಲಿ ಬಂದವರು ಇದ್ದ ಲಿಪಿಗೆ ಅಚ್ಚಿನ ಮೊಳೆ ಎರಕ ಹೊಯ್ದರು. ಅಂಗಡಿಯ ಹಲಗೆಗಳನ್ನು ಓದಬಲ್ಲೆ, ಆದರೆ ಒಂದೂ ಅರ್ಥವಾಗುವುದಿಲ್ಲ ಎಂಬ ನನ್ನ ನಾಲ್ಕು ದಿನಗಳ ಸ್ಥಿತಿಗೆ ಕಾರಣ ಆ ವೇಲ್ಸಿನವನು.

ಷಿಲ್ಲಾಂಗಿನಿಂದ ಸೋಹ್ರಾಕ್ಕೆ ಬರುವ ದಿನ ಮಾಫ್ಲಾಂಗಿನ ದೇವರ ಕಾಡಿಗೂ ಹೋಗಿದ್ದೆ. ಲಿಂಗ್ಡೋ ಎಂಬ ಪುರೋಹಿತ ಕುಲದವರು ಕಾಯ್ದುಕೊಂಡು ಬಂದಿರುವ, ಸುಮಾರು 78 ಹೆಕ್ಟೇರಿನ ಹಳೆಯ ಕಾಡು ಅದು. ಬೋಳು ಹುಲ್ಲುಗಾವಲಿನ ನಡುವೆ ಅದರ ಅಂಚು ಗೋಡೆಯಂತೆ ಎದ್ದು ನಿಂತಿರುತ್ತದೆ. ಅಂಚಿನಲ್ಲಿ ನೆಟ್ಟ ಕಲ್ಲುಗಳು. ನಾಗಬನ, ದೇವರಕಾಡುಗಳ ನಾಡಿನಿಂದ ಬಂದ ನಾನು ಆ ಅಂಚಿನಲ್ಲಿ ಏನು ಮಾಡಬೇಕೆಂದು ಯಾರನ್ನೂ ಕೇಳಲಿಲ್ಲ. ಶೂ ಬಿಚ್ಚಿದೆ, ಕಾಲುಚೀಲವನ್ನೂ ಬಿಚ್ಚಿ ಒಳಗಿಟ್ಟೆ. ಊರಿನವನೇ ಆದ ಮಾರ್ಗದರ್ಶಿ ಯುವಕ ಸ್ವಲ್ಪ ಹೊತ್ತು ನನ್ನ ಪಾದಗಳನ್ನು ನೋಡಿ, ಒಳಗೆ ಬೇರು, ಕಲ್ಲು ಬಹಳ, ಶೂ ಹಾಕಿಕೊಳ್ಳುವುದು ಒಳ್ಳೆಯದು ಎಂದ. ದೇವರ ಕಾಡಲ್ಲವೇ ಎಂದೆ. ದೇವರಿಗೆ ನಿಮ್ಮ ಶೂವಿನಿಂದ ತೊಂದರೆಯಿಲ್ಲ, ಆದರೆ ಇಲ್ಲಿಂದ ಏನನ್ನೂ ಹೊರಗೆ ಒಯ್ಯಬೇಡಿ, ಬಿದ್ದ ಎಲೆಯನ್ನೂ ಸಹ ಎಂದ.

ಒಳಗೆ ಒಂದು ಗಂಟೆ ನಡೆದೆವು. ಪಾಚಿ ಹೊದ್ದ ಮರಗಳು, ಅವುಗಳ ಕೊಂಬೆಗಳಲ್ಲಿ ಸೀತಾಳೆ ಗಿಡಗಳು, ಹಿಂದೆ ಬಲಿ ಕೊಡುತ್ತಿದ್ದ ಕಲ್ಲುಗಳು. ನಮ್ಮ ಬನಗಳಲ್ಲಿ ನಾನು ಯಾವತ್ತೂ ಕಲ್ಲಿನ ಅಷ್ಟು ಹತ್ತಿರ ಹೋದವಳಲ್ಲ. ಕಟ್ಟೆಯ ಆಚೆ ಕೈಮುಗಿದು ನಿಲ್ಲುವುದೇ ನಮ್ಮ ಭಾಗ. ಹೊರಬರುವಾಗ ಯುವಕ ನನ್ನನ್ನು ನಿಲ್ಲಿಸಿ, ಶಾಲಿನ ಹಿಂಬದಿಗೆ ಸಿಕ್ಕಿಕೊಂಡಿದ್ದ ಒಂದು ಒಣ ಎಲೆಯನ್ನು ಬಿಡಿಸಿ, ಕಾಡಿನೊಳಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡೆದು ಅಲ್ಲಿ ಹಾಕಿ ಬಂದ. ಅಂಚಿನಲ್ಲೇ ಎಸೆಯಬಹುದಿತ್ತು, ಎಸೆಯಲಿಲ್ಲ. ನಮ್ಮ ಭಕ್ತಿಯಲ್ಲಿ ಬರಿಗೈಯಲ್ಲಿ ಮರಳುವುದು ಎಂಬುದೇ ಇಲ್ಲ. ಗಂಧ, ಅರಸಿನ ಹುಡಿ, ಒಂದೆಸಳು ಸಿಂಗಾರದ ಹೂವು ಏನಾದರೂ ಪ್ರಸಾದವೆಂದು ಮನೆಗೆ ಬರಲೇಬೇಕು, ಬರದಿದ್ದರೆ ಹೋದದ್ದು ಪೂರ್ತಿಯಾಗುವುದಿಲ್ಲ. ಮಾಫ್ಲಾಂಗಿನದು ಬರಿಗೈಯಲ್ಲಿ ಹೊರಗೆ ಬಂದಾಗಲೇ ಪೂರ್ತಿಯಾಗುವ ಭೇಟಿ. ದಾರಿಯುದ್ದಕ್ಕೂ ಏನನ್ನೋ ಮರೆತು ಬಂದಂತೆ ಮತ್ತೆ ಮತ್ತೆ ಚೀಲ ಮುಟ್ಟಿ ನೋಡಿಕೊಂಡೆ.

ಇಷ್ಟೆಲ್ಲ ಆದ ಮೇಲಾದರೂ ಎಚ್ಚರ ಬರಬೇಕಿತ್ತು. ಆದರೆ ನಾಂಗ್ರಿಯಾಟ್‌ನಿಂದ ಮೇಲೆ ಹತ್ತಿ ಬಂದ ರಾತ್ರಿ, ಒಲೆಯ ಮುಂದೆ ಕುಳಿತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ನನ್ನ ಹತ್ತಿರವಿದ್ದ ಅತಿ ದೊಡ್ಡ ಹೋಲಿಕೆಯನ್ನು ನಾನೇ ಹೊರತೆಗೆದೆ. ಖಾಸಿಗಳಲ್ಲಿ ವಂಶ ತಾಯಿಯಿಂದ ಎಂಬುದು ಓದಿದವರಿಗೆಲ್ಲ ತಿಳಿದಿರುವ ಸಂಗತಿ. ‘ಹೆಣ್ಣಿನಿಂದ ಕುಲ ಹುಟ್ಟಿತು’ ಎಂಬುದು ಅವರ ಹಳೆಯ ಮಾತು. ಮಕ್ಕಳು ತಾಯಿಯ ‘ಕುರ್’ಗೆ, ಅಂದರೆ ಕುಲಕ್ಕೆ ಸೇರುತ್ತಾರೆ, ಒಂದೇ ಕುರ್‌ನ ಒಳಗೆ ಮದುವೆಯಾಗುವುದು ಅವರಲ್ಲಿ ಎಲ್ಲಕ್ಕಿಂತ ದೊಡ್ಡ ನಿಷೇಧ. ನಾನು ಹೆಮ್ಮೆಯಿಂದ ಹೇಳಿದೆ: ನಮ್ಮಲ್ಲಿಯೂ ಹೀಗೆಯೇ, ಕಾಂಗ್. ನಮ್ಮ ತುಳುನಾಡಿನಲ್ಲಿ ಅದನ್ನು ಬರಿ ಎನ್ನುತ್ತೇವೆ. ನನ್ನ ಬರಿ ನನ್ನ ತಾಯಿಯದು, ಅವಳದು ಅವಳ ತಾಯಿಯದು. ಒಂದೇ ಬರಿಯವರು ಮದುವೆಯಾಗುವ ಹಾಗಿಲ್ಲ. ಆಮೇಲೆ ಭೂತಾಳ ಪಾಂಡ್ಯನ ಕಥೆಯನ್ನೂ ಹೇಳಿದೆ: ಭೂತ ಬಲಿ ಕೇಳಿದಾಗ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಅಂದಿನಿಂದ ಆಸ್ತಿ ಅಳಿಯನಿಗೆ ಎಂದಾಯಿತು. ಆದ್ದರಿಂದ ಅದಕ್ಕೆ ಅಳಿಯಸಂತಾನ ಎಂದು ಹೆಸರು.

ಕಾಂಗ್ ಬಹಳ ಗಮನವಿಟ್ಟು ಕೇಳಿದರು. ಅಳಿಯ ಅಂದರೆ ಯಾರು ಎಂದು ಕೇಳಿದರು. ಸೋದರಿಯ ಮಗ ಎಂದೆ. ಸ್ವಲ್ಪ ಯೋಚಿಸಿ, ಹಾಗಾದರೆ ಮನೆ ಗಂಡಸಿನ ಕೈಯಿಂದ ಗಂಡಸಿನ ಕೈಗೇ ಹೋಗುತ್ತದಲ್ಲ ಎಂದರು.

ನಲವತ್ತು ವರ್ಷಗಳಿಂದ ನಾನು ಹೇಳುತ್ತ ಬಂದ ಪದ ಅದು. ನಮ್ಮದು ಮಾತೃಮೂಲೀಯ ಪದ್ಧತಿ ಎಂದು ಬೆಂಗಳೂರಿನ ಗೆಳತಿಯರ ಮುಂದೆ ಎಷ್ಟೋ ಸಲ ಜಂಬ ಪಟ್ಟಿದ್ದೇನೆ. ಆ ಪದದ ಮೊದಲ ಅರ್ಧದಲ್ಲಿ ಒಬ್ಬ ಗಂಡಸು ನಿಂತಿದ್ದಾನೆ ಎಂಬುದು ಕನ್ನಡ, ತುಳು ಎರಡೂ ತಿಳಿಯದ ಒಬ್ಬರಿಗೆ ಒಂದೇ ಸಲಕ್ಕೆ ಕಂಡಿತು. ನಮ್ಮಲ್ಲಿ ವಂಶ ಹೆಣ್ಣಿನದು, ಯಜಮಾನಿಕೆ ಸೋದರಮಾವನದು. ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋಗುತ್ತಾಳೆ, ಬಾಣಂತನಕ್ಕೂ ಭೂತಕೋಲಕ್ಕೂ ತನ್ನ ಕುಟುಂಬದ ಮನೆಗೆ ಬಂದು ಹೋಗುತ್ತಾಳೆ. ಖಾಸಿಗಳಲ್ಲಿ ಮನೆ ಸೇರುವುದು ಕೊನೆಯ ಮಗಳಿಗೆ, ‘ಖದ್ದುಹ್’ಗೆ. ಅವಳು ಎಲ್ಲಿಗೂ ಹೋಗುವುದಿಲ್ಲ, ಗಂಡನೇ ಬರುತ್ತಾನೆ. ಅವರ ಭಾಷೆಯಲ್ಲಿ ಏಕವಚನದ ನಾಮಪದಕ್ಕೆ ಮೊದಲು ಸಾಮಾನ್ಯವಾಗಿ ‘ಕಾ’ ಅಥವಾ ‘ಉ’ ಬರುತ್ತದೆ, ಹೆಣ್ಣು ಅಥವಾ ಗಂಡು. ನಮ್ಮಂತೆ ಜೀವವಿಲ್ಲದ್ದನ್ನೆಲ್ಲ ನಪುಂಸಕಕ್ಕೆ ನೂಕುವ ಸೌಕರ್ಯವಿಲ್ಲ. ಸೂರ್ಯ ಹೆಣ್ಣು, ಚಂದ್ರ ಗಂಡು. ಮನೆ ಯಾವುದು ಎಂದು ಕೇಳಿದೆ. ‘ಕಾ’ ಎಂದರು, ಇದನ್ನೂ ಕೇಳಬೇಕೇ ಎಂಬಂತೆ.

ಇದನ್ನು ಹೆಣ್ಣಿನ ರಾಜ್ಯ ಎಂದು ಬಣ್ಣಿಸುವ ಪ್ರವಾಸಿಗಳ ಸಾಲಿಗೆ ನಾನು ಸೇರಲಾರೆ. ಆಸ್ತಿಯ ವಿಷಯದಲ್ಲಿ ಸೋದರಮಾವನ ಮಾತಿಗೆ ಅಲ್ಲಿಯೂ ತೂಕವಿದೆ. ಊರಿನ ದರ್ಬಾರಿನಲ್ಲಿ ಕುಳಿತು ತೀರ್ಮಾನ ಮಾಡುತ್ತ ಬಂದವರು ಗಂಡಸರೇ. ಈ ಪದ್ಧತಿ ಬದಲಾಗಿ ತಂದೆಯ ಹೆಸರು ಮಕ್ಕಳಿಗೆ ಬರಬೇಕು ಎಂದು ವಾದಿಸುವ ಗಂಡಸರ ಸಂಘಟನೆಯೂ ಅಲ್ಲಿದೆ. ಇನ್ನು ಖದ್ದುಹ್‌ಗೆ ಬರುವ ಮನೆ ಒಂಟಿಯಾಗಿ ಬರುವುದಿಲ್ಲ; ಮುಪ್ಪಿನ ತಂದೆತಾಯಿ, ಮದುವೆಯಾಗದ ಅಣ್ಣ, ಗಂಡ ಸತ್ತು ಮರಳಿ ಬಂದ ಅಕ್ಕ, ಸಂಸಾರ ಮುರಿದುಕೊಂಡು ಬಂದ ತಮ್ಮ, ಎಲ್ಲರೂ ಅದರ ಜೊತೆಗೇ ಬರುತ್ತಾರೆ. ಕಾಂಗ್ ಖದ್ದುಹ್. ಪಕ್ಕದ ಕೋಣೆಯಲ್ಲಿ ಅವರ ಎಂಬತ್ತನಾಲ್ಕರ ತಾಯಿ ಮಲಗಿದ್ದರು. ಅಕ್ಕ ಓದಿ ಷಿಲ್ಲಾಂಗಿನಲ್ಲಿ ಟೀಚರಾದರು. ಕಾಂಗ್ ಅವರಿಗೂ ಓದುವ ಆಸೆಯಿತ್ತು; ಸೋಹ್ರಾದಿಂದ ಷಿಲ್ಲಾಂಗಿಗೆ ಐವತ್ತು ಚಿಲ್ಲರೆ ಕಿಲೋಮೀಟರ್, ಆದರೆ ಕಳೆದ ಹನ್ನೊಂದು ವರ್ಷಗಳಲ್ಲಿ ಅಲ್ಲಿ ಒಂದು ರಾತ್ರಿಯೂ ಉಳಿದಿಲ್ಲ ಎಂದರು. ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಹೆಮ್ಮೆಯ ಧ್ವನಿಯಲ್ಲೂ ಅಲ್ಲ. ಹಿಂದೆ ಮನೆದೇವರ ವಿಧಿಗಳೂ ಖದ್ದುಹ್‌ನ ಪಾಲಿಗೇ ಇದ್ದವಂತೆ; ಅಜ್ಜಿಯ ಕಾಲದಲ್ಲಿ ಚರ್ಚಿಗೆ ಸೇರಿದ ಮೇಲೆ ಅವು ಹೋದವು, ಮನೆ ಮತ್ತು ಅಮ್ಮ ಉಳಿದರು ಎಂದರು.

ನೀವು ಎಷ್ಟನೆಯವರು ಎಂದು ಕೇಳಿದರು. ಕೊನೆಯವಳು ಎಂದೆ. ಅವರ ಮುಖ ಅರಳಿತು. ಹಾಗಾದರೆ ನೀವೂ ಖದ್ದುಹ್! ಅಮ್ಮ ನಿಮ್ಮ ಜೊತೆ ಇದ್ದಾರೆ ಅಲ್ಲವೇ, ನೀವು ಹೀಗೆ ತಿರುಗಾಡಲು ಬಂದರೆ ಈಗ ಅವರನ್ನು ನೋಡಿಕೊಳ್ಳುವವರು ಯಾರು?

ಅಮ್ಮ ತೀರಿಕೊಂಡು ಮೂರು ವರ್ಷವಾಯಿತು, ಕೊನೆಯ ಎರಡು ವರ್ಷ ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದರು, ಅಲ್ಲಿಯೇ ಹೋದರು ಎಂದೆ. ಕಾಂಗ್ ಅವರಿಗೆ ಅರ್ಥವಾಗಲಿಲ್ಲ. ನಮ್ಮ ಕುಂಟು ಹಿಂದಿಯ ತಪ್ಪಿರಬೇಕೆಂದು ನಾನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಭಾಷೆಯ ತಪ್ಪಾಗಿರಲಿಲ್ಲ. ಗಂಡುಮಗನಿಗೆ ಮನೆ ಎಂಬುದೊಂದು ಇರುತ್ತದೆ ಎಂಬುದೇ ಅವರಿಗೆ ಹಿಡಿಯದ ಸಂಗತಿ. ಗಂಡುಮಗ ಇರುವುದು ಮೊದಲು ತಾಯಿಯ ಮನೆಯಲ್ಲಿ, ಆಮೇಲೆ ಹೆಂಡತಿಯ ಮನೆಯಲ್ಲಿ. ಬಹಳ ಹೊತ್ತಿನ ಮೇಲೆ, ತೀರ ಮೆಲ್ಲಗೆ, ನಿಮ್ಮ ಅಮ್ಮ ಸೊಸೆಯ ಮನೆಯಲ್ಲಿ ಸತ್ತರೇ ಎಂದು ಕೇಳಿದರು.

ನಮ್ಮ ಅತ್ತಿಗೆ ಅಮ್ಮನನ್ನು ತನ್ನ ತಾಯಿಗಿಂತ ಹೆಚ್ಚಾಗಿ ನೋಡಿಕೊಂಡವಳು, ಅದನ್ನು ಹೇಳಿದೆ. ಕಾಂಗ್ ನಂಬಿದರು ಕೂಡ. ಆದರೂ ಅವರ ಕಣ್ಣಿನಲ್ಲಿ ಕಂಡದ್ದು ದಿಕ್ಕಿಲ್ಲದವರ ಬಗ್ಗೆ ಹುಟ್ಟುವ ಮರುಕ, ಮತ್ತು ಅದು ನನ್ನ ತಾಯಿಯ ಬಗ್ಗೆ. ಅಮ್ಮನಿಗೆ ಹೋಗಲು ತನ್ನದೇ ಕುಟುಂಬದ ಮನೆಯೊಂದು ಇತ್ತಲ್ಲ ಎಂದು ಕೇಳಿದರು. ಇತ್ತು ಎಂದೆ. 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯಿದೆ ಬಂದು ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿದ್ದನ್ನು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಪಾಲುಗಳು ಇನ್ನಷ್ಟು ಸಣ್ಣದಾಗಿ ಹರಿದದ್ದನ್ನು ಹಿಂದಿಯಲ್ಲಿ ವಿವರಿಸುವುದು ನನ್ನಿಂದಾಗಲಿಲ್ಲ. ಮಾವಂದಿರ ದರ್ಬಾರಿನ ಕೆಳಗೆ ನವೆದ ಎಷ್ಟೋ ಹೆಂಗಸರಿಗೆ, ಅವರ ಗಂಡಂದಿರಿಗೆ ಅದು ಬಿಡುಗಡೆಯಾಗಿಯೂ ಬಂದಿತ್ತು ಎಂಬುದನ್ನಂತೂ ಹೇಳಲು ಹೋಗಲೇ ಇಲ್ಲ. ನೆಲ ಹಂಚಿಹೋಯಿತು, ಹಳೆಯ ಮನೆ ಮಾತ್ರ ಯಾರಿಗೂ ಸೇರದೆ ಎಲ್ಲರಿಗೂ ಸೇರಿ ಹಾಗೆಯೇ ನಿಂತಿದೆ ಎಂದೆ. ಯಾರಿದ್ದಾರೆ ಅಲ್ಲಿ? ಯಾರೂ ಇಲ್ಲ, ದೈವ ಇದೆ. ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ದೈವದ ಪೂಜೆಗೆ, ಎಲ್ಲರೂ ಸೇರುತ್ತೇವೆ, ಸಂಜೆ ಬೀಗ ಹಾಕಿ ಹೊರಡುತ್ತೇವೆ. ಬೀಗದ ಕೈ? ಅದು ಯಾರ ಹತ್ತಿರ ಇದೆ ಎಂದು ನನಗೆ ಸರಿಯಾಗಿ ನೆನಪಾಗಲಿಲ್ಲ. ಪೇಟೆಯಲ್ಲಿರುವ ಚಿಕ್ಕಮ್ಮನ ಮಗನ ಹತ್ತಿರ ಇರಬೇಕು ಎಂದೆ.

ಅವರಲ್ಲಿ ದೇವರು ಬದಲಾಗಿ ಮನೆ ಉಳಿದಿತ್ತು; ನಮ್ಮಲ್ಲಿ ದೈವ ಉಳಿದು ಮನೆ ಖಾಲಿಯಾಗಿತ್ತು. ಹನ್ನೊಂದು ವರ್ಷ ಊರು ಬಿಡದೆ ಕುಳಿತವರ ಎದುರು, ಬೇಕೆಂದಾಗ ಚೀಲ ಹೆಗಲಿಗೇರಿಸಿ ಹೊರಡಬಲ್ಲ ನಾನು ಕುಳಿತಿದ್ದೆ, ಮತ್ತು ಯಾರು ಯಾರನ್ನು ಕಂಡು ಮರುಕಪಡಬೇಕು ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ. ಒಲೆಯ ಕೆಂಡವನ್ನು ಸರಿಸುತ್ತ ಕಾಂಗ್ ಇನ್ನೊಂದು ಪ್ರಶ್ನೆ ಕೇಳಿದರು: ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ದೀಪ ಹಚ್ಚುವವರು ಯಾರು? ತಿಂಗಳ ಸಂಕ್ರಮಣದ ದಿನ ಹಚ್ಚಲು ಊರಿನ ಒಬ್ಬನನ್ನು ಗೊತ್ತು ಮಾಡಿದ್ದೇವೆ, ಎಲ್ಲರೂ ಸೇರಿ ಅವನಿಗೆ ವರ್ಷಕ್ಕಿಷ್ಟು ಎಂದು ಹಣ ಕೊಡುತ್ತೇವೆ ಎಂದೆ. ಎಷ್ಟು ಕೊಡುತ್ತೀರಿ ಎಂದರು. ಹೇಳಿದೆ.

ಅವರು ನಗಲಿಲ್ಲ. ಪಕ್ಕದ ಕೋಣೆಯಿಂದ ತಾಯಿ ಕೆಮ್ಮಿದ್ದು ಕೇಳಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, ಒಂದು ಎಲೆಗೆ ಸುಣ್ಣ ತೀಡಿ, ಮಡಚಿ, ಅಡಿಕೆಯನ್ನು ಮೊದಲ ದಿನಕ್ಕಿಂತ ಚಿಕ್ಕದಾಗಿ ಹೋಳು ಮಾಡಿ ನನ್ನ ಕೈಗೆ ಕೊಟ್ಟು, ಬೆಳಿಗ್ಗೆ ಸುಮೋ ಎಷ್ಟು ಗಂಟೆಗೆ ಎಂದು ಕೇಳಿದರು.